ಫೇಸ್‌ವಾಶ್‌ನಿಂದ ನದಿಗೆ: ಮಾಲಿನ್ಯದ ಜಾಡು ಹಿಡಿಯಲು ಜನರ ಕಣ್ಣು ಸಾಕೇ?

ಬೆಳಗ್ಗೆ ಬಳಸಿದ ಫೇಸ್‌ವಾಶ್, ಶಾಂಪೂ, ಟೂತ್‌ಪೇಸ್ಟ್ ಬಚ್ಚಲಿನಿಂದ ಚರಂಡಿಗೆ, ಅಲ್ಲಿಂದ ಕೆರೆ-ನದಿಗೆ ಸೇರುತ್ತವೆ. ಇವುಗಳಲ್ಲಿ ಏನಿದೆ ಎಂದು ಪತ್ತೆ ಹಚ್ಚುವ ಕೆಲಸದಲ್ಲಿ ಜನಸಾಮಾನ್ಯರೂ ಪಾಲ್ಗೊಳ್ಳಬಹುದು ಎಂಬುದಕ್ಕೆ ನೆದರ್ಲೆಂಡ್ಸ್‌ನಲ್ಲಿ ಒಳ್ಳೆಯ ಉದಾಹರಣೆಯಿದೆ.

2012ರಲ್ಲಿ ಅಲ್ಲಿನ ಎರಡು ಪರಿಸರ ಸಂಸ್ಥೆಗಳು 'ಬೀಟ್ ದ ಮೈಕ್ರೊಬೀಡ್' ಎಂಬ ಆ್ಯಪ್ ಹೊರತಂದವು. ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ಉತ್ಪನ್ನದಲ್ಲಿ ಪ್ಲಾಸ್ಟಿಕ್ ಕಣಗಳಿವೆಯೇ ಎಂಬುದು ತಿಳಿಯುತ್ತಿತ್ತು. ಅಂಗಡಿಯ ಕಪಾಟಿನ ಮುಂದೆ ನಿಂತ ಗ್ರಾಹಕನೇ ತಪಾಸಣಾಧಿಕಾರಿಯಾದ.

ನಂತರ ಏನಾಯಿತು?

ಅಮೆರಿಕ 2015ರ ಡಿಸೆಂಬರ್‌ನಲ್ಲಿ ತೊಳೆದು ತೆಗೆಯುವ ಸೌಂದರ್ಯವರ್ಧಕಗಳಲ್ಲಿ ಮೈಕ್ರೊಬೀಡ್ ನಿಷೇಧಿಸುವ ಕಾಯ್ದೆ ತಂದಿತು. 2018ರಲ್ಲಿ ಬ್ರಿಟನ್‌ನಲ್ಲೂ ನಿಷೇಧ ಜಾರಿಯಾಯಿತು. ಭಾರತೀಯ ಮಾನಕ ಬ್ಯೂರೋ 2017ರಲ್ಲಿ ಇವನ್ನು ಸೌಂದರ್ಯವರ್ಧಕಗಳಿಗೆ ಅಸುರಕ್ಷಿತ ಎಂದು ವರ್ಗೀಕರಿಸಿತು. ಐರೋಪ್ಯ ಒಕ್ಕೂಟದ ವ್ಯಾಪಕ ನಿರ್ಬಂಧ 2023ರ ಅಕ್ಟೋಬರ್‌ನಲ್ಲಿ ಆರಂಭವಾಗಿದ್ದು, ಮೇಕಪ್ ಸಾಮಗ್ರಿಗಳಿಗೆ 2035ರವರೆಗೆ ಕಾಲಾವಕಾಶವಿದೆ.

ಇದೆಲ್ಲ ಆ್ಯಪ್ ಒಂದರಿಂದಲೇ ಆಗಿದ್ದಲ್ಲ. ಆದರೆ ಜನರ ಕೈಗೆ ಸಿಕ್ಕ ಮಾಹಿತಿ ಕಂಪನಿಗಳ ಮೇಲೆ ಒತ್ತಡ ಹೆಚ್ಚಿಸಿತು. ಅದಕ್ಕೆ ಅನುಕೂಲವಾದದ್ದು ಎರಡು ಅಂಶ: 'ಪಾಲಿಎಥಿಲೀನ್' ಎಂಬ ಹೆಸರು ಲೇಬಲ್ ಮೇಲೇ ಇತ್ತು, ಉಪ್ಪು, ಅಕ್ರೋಟ್ ಸಿಪ್ಪೆಯ ಪುಡಿಯಂಥ ಬದಲಿಗಳು ಸಿದ್ಧವಿದ್ದವು.

ನೊರೆಯ ಲೆಕ್ಕ ಸುಲಭವಲ್ಲ

ಬೆಂಗಳೂರಿನ ಬೆಳ್ಳಂದೂರು ಕೆರೆ, ದೆಹಲಿಯ ಕಾಳಿಂದಿ ಕುಂಜ್ ಬಳಿಯ ಯಮುನೆಯಲ್ಲಿ ಉಕ್ಕುವ ನೊರೆಗೆ ಶುದ್ಧೀಕರಿಸದ ಕೊಳಚೆ ನೀರಿನಲ್ಲಿರುವ ಸೋಪು, ಡಿಟರ್ಜೆಂಟ್‌ನಂಥ ನೊರೆಕಾರಕಗಳು ಮುಖ್ಯ ಕಾರಣ. ಇಲ್ಲಿ ಲೇಬಲ್ ಓದಿದರೆ ಸಾಲದು. ಸ್ವಯಂಸೇವಕರು ಸರಳ ಕಿಟ್ ಬಳಸಿ ಫಾಸ್ಫೇಟ್ ಅಳೆಯಬಹುದು. ಆದರೆ ಅದು ಶಾಂಪೂವಿನದೋ, ಬಟ್ಟೆ ಸೋಪಿನದೋ, ಮಲಮೂತ್ರದ್ದೋ ಎಂದು ಕಿಟ್ ಹೇಳುವುದಿಲ್ಲ. ಟ್ರೈಕ್ಲೋಸಾನ್ ಅಥವಾ ಸನ್‌ಸ್ಕ್ರೀನ್ ರಾಸಾಯನಿಕ ಪತ್ತೆಗೆ ದುಬಾರಿ ಪ್ರಯೋಗಾಲಯವೇ ಬೇಕು.

ಹಾಗೆಂದು ಜನರ ಪಾತ್ರ ಚಿಕ್ಕದಲ್ಲ. ಯಾವ ಕಾಲುವೆ, ಯಾವ ದಿನ, ಎಷ್ಟು ನೊರೆ ಎಂಬ ದಾಖಲೆ ವರ್ಷವಿಡೀ ಇಡಲು ಅಧಿಕಾರಿಗಳಿಗಿಂತ ದಡದ ನಿವಾಸಿಗಳಿಗೇ ಸುಲಭ. ಪ್ರಯೋಗಾಲಯ ಎಲ್ಲಿಂದ ಮಾದರಿ ತೆಗೆಯಬೇಕು ಎಂಬುದನ್ನು ಆ ದಾಖಲೆ ತೋರಿಸಿಕೊಡುತ್ತದೆ.

ಮುಂದಿನ ಹೆಜ್ಜೆ ಸರ್ಕಾರದ್ದು. ಜನ ಕೊಟ್ಟ ಮಾಹಿತಿಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಗಳು ಪರಿಶೀಲಿಸಿ, ಪರೀಕ್ಷಾ ಫಲಿತಾಂಶವನ್ನು ಬಹಿರಂಗಪಡಿಸುವ ವ್ಯವಸ್ಥೆ ಇಲ್ಲದಿದ್ದರೆ ನೊರೆಯ ಫೋಟೊಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲೇ ಉಳಿದುಬಿಡುತ್ತವೆ.