ಗೃಹಸ್ಥರ ವ್ಯವಹಾರ: ಬಿಟ್ಟುಹೋದ ಬಾಡಿಗೆದಾರನ ಬಾಕಿ

ಬಾಡಿಗೆಯ ಬಾಕಿಯ ವಿಷಯದಲ್ಲಿ ನಮ್ಮ ಜನರಿಗೆ ಎರಡೇ ದಾರಿಗಳು ತೋರುವುದುಂಟು. ಓಣಿಯಲ್ಲಿ ನಿಂತು ಕೂಗಾಡುವುದು ಒಂದು. ಹೋದದ್ದು ಹೋಯಿತೆಂದು ಕೈಬಿಡುವುದು ಇನ್ನೊಂದು. ಬಾಕಿದಾರನು ಅಂಗವಿಕಲನಾಗಿ ಸರಕಾರದ ಮಾಸಾಶನದ ಮೇಲೆ ದಿನ ನೂಕುವವನಾಗಿದ್ದರಂತೂ ನೆರೆಹೊರೆಯವರಲ್ಲಿ ಅರ್ಧ ಜನರು ಮೊದಲನೆಯದನ್ನೂ ಉಳಿದವರು ಎರಡನೆಯದನ್ನೂ ಉಪದೇಶಿಸಿ, ಮನೆಯೊಡತಿಯ ತಲೆಯನ್ನು ಕೆಡಿಸಿಬಿಡುವರು.

ಡಂಬಳದ ಒಂದು ಮನೆಯನ್ನು ವಾಚಕರು ಕಣ್ಣಮುಂದೆ ತಂದುಕೊಳ್ಳಲಿ. ಮನೆಯೊಡತಿಯು ವಯಸ್ಸಾದ ವಿಧವೆ. ಪಡಸಾಲೆಯ ಪಕ್ಕದ ಕೋಣೆಯನ್ನು ಬಟ್ಟೆ ಹೊಲಿಯುವವನೊಬ್ಬನಿಗೆ ತಿಂಗಳಿಗೆ 1,500 ರೂಪಾಯಿಗೆ ಕೊಟ್ಟು, 3,000 ರೂಪಾಯಿ ಮುಂಗಡ ಹಿಡಿದಿರುವಳು. ಆಕೆಯ ಔಷಧದ ಖರ್ಚು ಆ ಬಾಡಿಗೆಯಿಂದಲೇ ನಡೆಯತಕ್ಕದ್ದು. ಅಪಘಾತದಲ್ಲಿ ಅವನ ಒಂದು ಕಾಲು ಹೋಯಿತು. 2024ರ ಆಗಸ್ಟಿನಿಂದ 2025ರ ಏಪ್ರಿಲ್‌ವರೆಗೆ ಒಂಬತ್ತು ತಿಂಗಳು ಬಾಡಿಗೆ ನಿಂತು, ಕೊನೆಗೆ ಅವನು ಗದುಗಿನಲ್ಲಿರುವ ಅಕ್ಕನ ಮನೆಯನ್ನು ಸೇರಿದನು. ಹೊಲಿಗೆಯ ಯಂತ್ರವು ಮಾತ್ರ ಕೋಣೆಯಲ್ಲಿಯೇ ಉಳಿಯಿತು. ಬಾಕಿಯು 13,500, ಮುಂಗಡವನ್ನು ಕಳೆದರೆ 10,500. ಯಂತ್ರವನ್ನು ಕೊಡಬೇಡಿರೆಂದು ನೆರೆಯವರು ಹೇಳುತ್ತಿರುವರು. ಆಕೆಯು ಏನು ಮಾಡತಕ್ಕದ್ದು?

ಮೊದಲು ಮಾಸಾಶನದ ಮಾತನ್ನು ಮುಗಿಸೋಣ. ಅದಕ್ಕೆ ಕೈಹಚ್ಚಲು ಬಾರದು. 1871ರಲ್ಲಿ ಆದ ಪಿಂಚಣಿ ಕಾಯದೆಯ 11ನೆಯ ಕಲಮು, ಸರಕಾರವು ಹಿಂದಿನ ಸೇವೆಗಾಗಿ ಮಾತ್ರವಲ್ಲದೆ, ಶರೀರದ ಅಶಕ್ತತೆಗಾಗಿ ಇಲ್ಲವೆ ಅನುಕಂಪದಿಂದ ಕೊಡುವ ಮಾಸಾಶನವನ್ನೂ ಸಾಲಗಾರರ ಜಪ್ತಿಯಿಂದ ಹೊರಗಿಟ್ಟಿದೆ. ಮುಂದಿನ ಕಲಮು ಇನ್ನೂ ಗಟ್ಟಿಯಾದದ್ದು: ಇನ್ನು ಮುಂದೆ ಬರತಕ್ಕ ಮಾಸಾಶನವನ್ನು ಬೇರೆಯವರಿಗೆ ಬರೆದುಕೊಟ್ಟರೆ ಆ ಬರಹವೇ ಶೂನ್ಯವು. ಆದುದರಿಂದ ‘ತಿಂಗಳ ಹಣವು ನಿಮಗೇ’ ಎಂದು ಬರೆಯಿಸಿಕೊಳ್ಳುವುದೂ, ಬ್ಯಾಂಕಿನ ಪಾಸ್‌ಬುಕ್ಕನ್ನೋ ಎ.ಟಿ.ಎಂ. ಕಾರ್ಡನ್ನೋ ಅಡವು ಇಟ್ಟುಕೊಳ್ಳುವುದೂ ವ್ಯರ್ಥ; ವ್ಯರ್ಥವಷ್ಟೇ ಅಲ್ಲ, ಇಟ್ಟುಕೊಂಡವರಿಗೇ ತೊಡಕು. ಆ ಮಾಸಾಶನವಾದರೂ ಎಷ್ಟು? ಕೇಂದ್ರ ಸರಕಾರವು 2009ರಲ್ಲಿ ಆರಂಭಿಸಿದ ಅಂಗವಿಕಲರ ಮಾಸಾಶನದಲ್ಲಿ ಕೇಂದ್ರದ ಪಾಲು 2012ರಲ್ಲಿ 300 ರೂಪಾಯಿಗೆ ಏರಿತು. ಅದರ ಮೇಲೆ ರಾಜ್ಯವು ತನ್ನದನ್ನು ಕೂಡಿಸುವುದು. ಅಕ್ಕಿ-ಬೇಳೆಗೇ ಸಾಲದ ಈ ಹಣದ ಮೇಲೆ ಕಣ್ಣಿಡುವುದರಲ್ಲಿ ಹುರುಳಿಲ್ಲ.

ಈಗ ಯಂತ್ರ. ನ್ಯಾಯಾಲಯದಿಂದ ಡಿಕ್ರಿಯನ್ನು ಪಡೆದು ಬೇಲೀಫನನ್ನು ಕರೆದುಕೊಂಡು ಹೋದರೂ ಈ ಯಂತ್ರವು ಜಪ್ತಿಗೆ ಸಿಕ್ಕದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನಲ್ಲಿ ಜಪ್ತಿ ಮಾಡಬಾರದ ವಸ್ತುಗಳ ಯಾದಿಯಿದೆ. ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ-ಹೊದಿಕೆ, ಧರ್ಮದ ರೂಢಿಯಂತೆ ಹೆಂಗಸು ತೆಗೆಯಬಾರದ ಆಭರಣ, ಇವುಗಳ ಜೊತೆಗೆ ಕಸುಬುದಾರನ ಹತ್ಯಾರುಗಳೂ ಅದರಲ್ಲಿ ಸೇರಿವೆ. ಡಿಕ್ರಿಯುಳ್ಳವರಿಗೇ ಸಲ್ಲದ ವಸ್ತುವನ್ನು ಡಿಕ್ರಿಯಿಲ್ಲದವರು ಕೋಣೆಗೆ ಬೀಗ ಜಡಿದು ಇಟ್ಟುಕೊಂಡರೆ, ನಾಳೆ ಪೊಲೀಸ್ ಠಾಣೆಯಲ್ಲಿ ಉತ್ತರ ಹೇಳಬೇಕಾದವರು ಯಾರು? ಹಣ ಬರಬೇಕಾದ ಮುದುಕಿಯೇ ಆರೋಪಿಯಾಗುವಳು.

ಕಾಯದೆಯನ್ನು ಬದಿಗಿಟ್ಟು ಬರೀ ಲೆಕ್ಕದಿಂದ ನೋಡಿದರೂ ಯಂತ್ರವನ್ನು ಹಿಡಿದಿಡುವುದು ಹೆಡ್ಡತನವು. ಕೋಣೆಯಲ್ಲಿ ತುಕ್ಕು ಹಿಡಿಯುವ ಯಂತ್ರವು ಒಂದು ಪೈಸೆಯನ್ನೂ ಹೆರುವುದಿಲ್ಲ. ಅದಕ್ಕೆ ವಿದ್ಯುತ್ತಿನ ಚಿಕ್ಕ ಮೋಟಾರನ್ನು ಕೂಡಿಸಿದರೆ ಒಂದೇ ಕಾಲಿನಿಂದ ನಡೆಯಿಸಬಹುದು. ಅಂಗವಿಕಲನಾದವನು ಇನ್ನೇನು ದುಡಿದಾನು ಎನ್ನುವವರು ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಲಿ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳೂ, 2010ರಲ್ಲಿ ಲಿಂಗೈಕ್ಯರಾದ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಎಷ್ಟೋ ಅಂಧ ಹುಡುಗರಿಗೆ ಸಂಗೀತದ ಕಸುಬನ್ನು ಕೊಟ್ಟದ್ದು ಡಂಬಳಕ್ಕೆ ಸಮೀಪದ ಆ ಊರಿನಲ್ಲಿಯೇ ಅಲ್ಲವೆ? ಮಾಸಾಶನದಿಂದ ಬಾಕಿಯು ತೀರದು, ದುಡಿಮೆಯಿಂದ ತೀರಬಹುದು. ಆದಕಾರಣ ಯಂತ್ರವು ಗದುಗಿಗೆ ಹೋಗತಕ್ಕದ್ದು.

ಆದರೆ ಬರಿಗೈಯಿಂದ ಕಳಿಸಬೇಕಾಗಿಲ್ಲ. ನಮ್ಮ ಮಾತಿನ ತಿರುಳು ಇಲ್ಲಿದೆ. ಬಾಡಿಗೆಯ ಬಾಕಿಗೆ ದಾವೆ ಹೂಡಲು 1963ರ ಅವಧಿ ಕಾಯದೆಯು ಮೂರು ವರ್ಷಗಳ ಗಡುವನ್ನಿಟ್ಟಿದೆ. ಈ ಗಡುವು ಅವನು ಮನೆ ಬಿಟ್ಟ ದಿನದಿಂದಲ್ಲ, ಆಯಾ ತಿಂಗಳ ಬಾಡಿಗೆಯು ಸಲ್ಲಬೇಕಾದ ದಿನದಿಂದ ಬೇರೆ ಬೇರೆಯಾಗಿ ಓಡುವುದು. ಮುಂಗಡದ 3,000 ರೂಪಾಯಿಯನ್ನು ಹಳೆಯ ಎರಡು ತಿಂಗಳಿಗೆ, ಎಂದರೆ ಆಗಸ್ಟ್ ಮತ್ತು ಸಪ್ಟೆಂಬರಿಗೆ, ಜಮೆ ಹಿಡಿಯಬೇಕು. ಆಗ ಉಳಿದವುಗಳಲ್ಲಿ ಹಿರಿಯದು ಅಕ್ಟೋಬರ್ ತಿಂಗಳಿನದು. ಅದು ನವಂಬರ್ 5ಕ್ಕೆ ಸಲ್ಲುವ ಕರಾರಿದ್ದರೆ, 2027ರ ನವಂಬರ್ 5ರ ತರುವಾಯ ಆ 1,500 ರೂಪಾಯಿಗೆ ನ್ಯಾಯಾಲಯದ ಬಾಗಿಲು ಮುಚ್ಚುವುದು. ಮುಂದಿನ ತಿಂಗಳಿಗೆ ಮತ್ತೊಂದು 1,500. ‘ಪಾಪ, ಕೊಟ್ಟಾನು’ ಎಂದು ಕಾದು ಕುಳಿತವರು ಹೀಗೆ ತಿಂಗಳಿಗೊಂದರಂತೆ ಕಳೆದುಕೊಳ್ಳುವರು.

ಗಡುವು ತೀರುವ ಮೊದಲು ಬಾಕಿದಾರನು ‘ಇಷ್ಟು ಕೊಡಬೇಕಾದದ್ದು ನಿಜ’ ಎಂದು ಬರೆದು ರುಜು ಹಾಕಿದರೆ, ಆ ದಿನದಿಂದ ಹೊಸದಾಗಿ ಮೂರು ವರ್ಷಗಳು ದೊರೆಯುವುವು. ಯಂತ್ರವನ್ನು ಒಯ್ಯಲು ಅವನ ಕಡೆಯವರು ಬಂದ ದಿನವೇ ಇದಕ್ಕೆ ಸುಮುಹೂರ್ತ. ಕಾಗದದಲ್ಲಿ ಬಾಕಿಯ ತಿಂಗಳುಗಳು, ಮುಂಗಡದ ಜಮೆ, ಉಳಿದ 10,500, ತಿಂಗಳಿಗೆ ಕೊಡತಕ್ಕ ಕಂತು, ಇವಿಷ್ಟಿರಲಿ. ರುಜುವು ಬಾಕಿದಾರನದೇ ಆಗಿರಬೇಕು. ಅಕ್ಕನ ರುಜುವಿನಿಂದ ಕೆಲಸವಾಗದು. ಸಹಿಗಾಗಿ ಯಂತ್ರವನ್ನು ಒತ್ತೆಯಾಗಿ ಹಿಡಿದು ಬೆದರಿಸಬಾರದೆಂದು ಬೇರೆ ಹೇಳಬೇಕಾಗಿಲ್ಲವಷ್ಟೆ. ಕಂತು ಅವನಿಂದಾಗುವಷ್ಟು ಇರಲಿ. ತಿಂಗಳಿಗೆ 500 ಎಂದರೆ 21 ತಿಂಗಳಿಗೆ ತೀರುವುದು. ಸಾವಿರವೆಂದು ಬರೆಯಿಸಿ ಎರಡನೆಯ ತಿಂಗಳಿಗೇ ಮುರಿದುಬೀಳುವುದಕ್ಕಿಂತ ಇದು ಮೇಲು.

ಡಂಬಳದವರಿಗೆ ಬರಹದ ಬೆಲೆಯನ್ನು ನಾವು ತಿಳಿಸಬೇಕೆ? ಅಲ್ಲಿಯ ಹದಿನಾರು ಸೆಟ್ಟಿಗಳು ಬೌದ್ಧ ವಿಹಾರವನ್ನು ಕಟ್ಟಿಸಿದ ಸಂಗತಿಯು 1095ರ ಶಾಸನದಿಂದ ಇಂದಿಗೂ ತಿಳಿಯುತ್ತಿದೆ. ದಾನವನ್ನೇ ಕಲ್ಲಿನಲ್ಲಿ ಬರೆಯಿಸಿದ ಊರಿನಲ್ಲಿ ಇಂದು ಕೋಣೆಯನ್ನು ಬಾಯಿಮಾತಿನ ಮೇಲೆ ಬಾಡಿಗೆಗೆ ಕೊಡುವರು! ಬಾಯಿಮಾತಿನ ಮಾಸಿಕ ಬಾಡಿಗೆಯು ಅಸಿಂಧುವೇನೂ ಅಲ್ಲ; ಆದರೆ ಸಾಬೀತು ಮಾಡುವ ಹೊರೆ ಕೇಳುವವರ ಮೇಲೆ ಬೀಳುವುದು. ಹಿಂದೆ ಬಾಡಿಗೆ ಬಂದುದರ ಮೊಬೈಲಿನ ಪಾವತಿಗಳು, ಬ್ಯಾಂಕಿನ ನಮೂದುಗಳು, ನೆರೆಯವರ ಸಾಕ್ಷಿ, ಇವನ್ನಾದರೂ ಕೂಡಿಸಿಟ್ಟುಕೊಳ್ಳಬೇಕು.

ಅವನು ರುಜು ಹಾಕಲು ಒಪ್ಪದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡುವುದು ಉತ್ತಮ. 1987ರ ಕಾಯದೆಯಂತೆ ಹೆಂಗಸರಿಗೂ ಅಂಗವಿಕಲರಿಗೂ ಅಲ್ಲಿ ವಕೀಲರ ನೆರವು ಉಚಿತ. ಈ ಲೇಣಿದೇಣಿಯಲ್ಲಿ ಇಬ್ಬರೂ ಅದಕ್ಕೆ ಹಕ್ಕುಳ್ಳವರೇ! ದಾವೆ ಹೂಡುವ ಮೊದಲೇ ಲೋಕ ಅದಾಲತಿನ ಮುಂದೆ ರಾಜಿ ಮಾಡಿಸಬಹುದು. ಅಲ್ಲಿಯ ತೀರ್ಪಿಗೆ ಡಿಕ್ರಿಯ ಬಲವುಂಟು. ಅದರ ಮೇಲೆ ಅಪೀಲಿಲ್ಲ. ಡಿಕ್ರಿಯನ್ನು ಜಾರಿಗೆ ತರಲು ಹನ್ನೆರಡು ವರ್ಷಗಳ ಅವಕಾಶವಿರುವುದರಿಂದ, ಇಂದು ಇಲ್ಲದವನು ನಾಳೆ ಉಳ್ಳವನಾದರೆ ಆಗ ಕೇಳಬಹುದು. ಜೈಲಿಗೆ ಕಳಿಸುವೆನೆಂಬ ಮಾತನ್ನು ಮಾತ್ರ ಯಾರೂ ಆಡದಿರಲಿ. ಕೊಡುವ ಶಕ್ತಿಯಿಲ್ಲದ ಬಡವನನ್ನು ಬಡತನಕ್ಕಾಗಿ ಸೆರೆಯಲ್ಲಿಡಬಾರದೆಂದು ಸುಪ್ರೀಂ ಕೋರ್ಟು 1980ರಲ್ಲಿಯೇ ಹೇಳಿದೆ. ಓಣಿಯ ಕೂಗಾಟವಂತೂ ಇನ್ನೂ ಅಪಾಯದ್ದು. 2016ರ ಅಂಗವಿಕಲರ ಹಕ್ಕುಗಳ ಕಾಯದೆಯ 92ನೆಯ ಕಲಮಿನ ಮೇರೆಗೆ, ಅಂಗವಿಕಲರನ್ನು ಅವಮಾನಿಸಬೇಕೆಂದೇ ನಾಲ್ಕು ಜನರೆದುರು ನಿಂದಿಸಿದವರಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಐದು ವರ್ಷದವರೆಗೆ ಶಿಕ್ಷೆಯುಂಟು. ‘ಕುಂಟ’ ಎಂಬ ಒಂದು ಮಾತಿಗೆ 10,500ರ ಬಾಕಿಯು ಎತ್ತ ಹೋದೀತೆಂಬುದನ್ನು ವಾಚಕರೇ ಊಹಿಸಲಿ.

ಕಂತು ಬಂದಾಗಲೆಲ್ಲ ಎರಡು ಪಾವತಿ ಬರೆಯಬೇಕು. ಒಂದಕ್ಕೆ ಮನೆಯೊಡತಿಯು ರುಜು ಹಾಕಿ ಅವನಿಗೆ ಕೊಡತಕ್ಕದ್ದು. ‘ಬಾಕಿಯ ಪೈಕಿ ಇಷ್ಟು ಕೊಟ್ಟೆನು’ ಎಂಬ ಇನ್ನೊಂದಕ್ಕೆ ಅವನ ರುಜುವನ್ನು ಪಡೆದು ತನ್ನ ಹತ್ತಿರ ಇಟ್ಟುಕೊಳ್ಳತಕ್ಕದ್ದು. ಕೊಟ್ಟವನ ಕೈಬರಹ ಅಥವಾ ರುಜುವುಳ್ಳ ಪಾವತಿಯಿದ್ದರೆ, ಉಳಿದ ಬಾಕಿಗೆ ಆ ಕಂತಿನ ದಿನದಿಂದ ಮತ್ತೆ ಮೂರು ವರ್ಷಗಳ ಆಯುಷ್ಯವು ಬರುವುದು.