ತುಸು ಉದ್ದ ಬಂದ ಪ್ರೋಟೀನು

ಲ್ಯಾಬಲ್ಲಿ ರೀಡಿಂಗ್ ಸರಿಯಾಗಿ ಬರದಿದ್ರೆ ನಾವೇನು ಮಾಡ್ತೀವಿ? ಸೀನಿಯರ್ ರೆಕಾರ್ಡ್ ತಂದು, ಅದರಲ್ಲಿರೋ ಸಂಖ್ಯೆ ಬರೆದು ಸಹಿ ಹಾಕಿಸ್ಕೊಳ್ತೀವಿ. ಬಯೋಟೆಕ್, ಸಿವಿಲ್ ಅಂತ ಭೇದವಿಲ್ಲ.

1972ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಸೆಸಾರ್ ಮಿಲ್‌ಸ್ಟೀನ್, ಜಾರ್ಜ್ ಬ್ರೌನ್ಲೀ ಮತ್ತು ಜೊತೆಗಾರರು ಇಲಿಯ ಮೈಲೋಮಾ ಗಡ್ಡೆಯ ಕೋಶಗಳನ್ನು ಹಿಡಿದು ಕೂತಿದ್ದರು. ಈ ಕ್ಯಾನ್ಸರ್ ಕೋಶಗಳು ಒಂದೇ ಬಗೆಯ ಪ್ರತಿಕಾಯವನ್ನು ರಾಶಿಗಟ್ಟಲೆ ತಯಾರಿಸುತ್ತವೆ. ಹಾಗಾಗಿ ಅದರ ಎಂಆರ್‌ಎನ್‌ಎ ಕೂಡ ಅಲ್ಲಿ ಧಾರಾಳ. ಅದನ್ನು ಬೇರ್ಪಡಿಸಿ, ಮೊಲದ ಎಳೆಯ ಕೆಂಪು ರಕ್ತಕಣಗಳನ್ನು ಒಡೆದು ತೆಗೆದ ರಸಕ್ಕೆ ಹಾಕಿ, ಯಾವ ಪ್ರೋಟೀನ್ ಬರುತ್ತೆ ಅಂತ ನೋಡಿದರು. ಬಂದದ್ದು ಪ್ರತಿಕಾಯದ ಲೈಟ್ ಚೈನ್, ಆದರೆ ಇರಬೇಕಾದ್ದಕ್ಕಿಂತ ತುಸು ಉದ್ದ!

ನಾವಾಗಿದ್ರೆ 'ಕಂಟಾಮಿನೇಶನ್' ಅಂತ ಬರೆದು ಕ್ಯಾಂಟೀನಿಗೆ ಹೋಗ್ತಿದ್ವಿ. ಅವರು ಬಿಡಲಿಲ್ಲ. ಹೆಚ್ಚಿನ ತುಂಡು ಪ್ರೋಟೀನಿನ ಮುಂತುದಿಯಲ್ಲಿದೆ, ಕೋಶದಿಂದ ಹೊರಹೋಗಬೇಕಾದ ಪ್ರೋಟೀನಿಗೆ ಅದೇ ವಿಳಾಸದ ಚೀಟಿ ಇರಬಹುದು, ಆಮೇಲೆ ಕತ್ತರಿಸಿ ಹೋಗುತ್ತೆ ಎಂದರು. ಇಂಥದೇ ಊಹೆಯನ್ನು ಹಿಂದಿನ ವರ್ಷ ನ್ಯೂಯಾರ್ಕ್‌ನಲ್ಲಿ ಬ್ಲೋಬೆಲ್, ಸಬಾಟಿನಿ ಮಂಡಿಸಿದ್ದರು. ಅದನ್ನು ಬೆನ್ನುಹತ್ತಿದ ಬ್ಲೋಬೆಲ್‌ಗೆ 1999ರಲ್ಲಿ ನೊಬೆಲ್ ಬಂತು. ಇವತ್ತು ಪ್ರತಿಕಾಯ ಔಷಧಿ ಮಾಡೋರು ಜೀನಿಗೆ ಈ ಚೀಟಿ ಅಂಟಿಸಿಯೇ ಕೋಶಕ್ಕೆ ಕೊಡ್ತಾರೆ.

ನಮ್ಮ ರೆಕಾರ್ಡಿನಲ್ಲಿ ಸರಿ ಉತ್ತರಕ್ಕೆ ಮಾರ್ಕ್ಸ್ ಇದೆ. ಬೇರೇನೋ ಬಂದ್ರೆ ಬರೆಯೋಕೆ ಜಾಗವೇ ಇಲ್ಲ. ಮೇಷ್ಟ್ರೇ, ಪ್ರತಿ ಪ್ರಯೋಗದ ಕೊನೆಗೆ 'ಯಾಕೆ ಹೀಗೆ ಬಂತು' ಅಂತ ಅರ್ಧ ಪುಟ ಇಡಿ, ಅದಕ್ಕೂ ಎರಡು ಮಾರ್ಕ್ಸ್ ಕೊಡಿ. ಈ ಸೆಮಿಸ್ಟರ್ ಸೀನಿಯರ್ ರೆಕಾರ್ಡ್ ನಾವು ಮುಟ್ಟಲ್ಲ. ವೈವಾ ಹಿಂದಿನ ರಾತ್ರಿ ಮಾತ್ರ ಗ್ಯಾರಂಟಿ ಕೊಡೋಕಾಗಲ್ಲ.