ಕಟ್ಟೆ ಕಟ್ಟುವ ಮೊದಲಿನ ಹುಡುಗ

ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟುಹಬ್ಬ, ಸೆಪ್ಟೆಂಬರ್ 15, ಹತ್ತಿರ ಬಂತೆಂದರೆ ಶಾಲೆಗಳಲ್ಲಿ ಅವರ ಬಾಲ್ಯದ ಬಗ್ಗೆ ಪ್ರಬಂಧ ಬರೆಸುತ್ತೇವೆ. ಮಕ್ಕಳು ತಂದೊಪ್ಪಿಸುವ ಹಾಳೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಮುದ್ದೇನಹಳ್ಳಿಯಲ್ಲಿ ಜನನ, ಕಡುಬಡತನ, ಬೀದಿದೀಪದ ಕೆಳಗೆ ಓದು. ನಾಲ್ಕನೇ ಸಾಲಿಗೆ ಅವರು ಮುಂದೆ ಕಟ್ಟಿಸಿದ ಕನ್ನಂಬಾಡಿ ಕಟ್ಟೆ ಎದ್ದು ನಿಂತಿರುತ್ತದೆ. ಜೊತೆಗೆ ಬಿಡಿಸಿದ ಚಿತ್ರದಲ್ಲಿ ದೀಪದ ಕಂಬಕ್ಕೊಂದು ಬಲ್ಬು. ಆದರೆ ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ; ಅಷ್ಟರಲ್ಲಿ ವಿಶ್ವೇಶ್ವರಯ್ಯನವರು ಹೆಸರಾಂತ ಎಂಜಿನಿಯರ್. ಮಕ್ಕಳದ್ದೇನೂ ತಪ್ಪಿಲ್ಲ. ನಾವು ಬರೆಸಿದ್ದನ್ನು ಅವರು ಬರೆದಿದ್ದಾರೆ.

ಶಿಕ್ಷಕರೇ, ತಂದೆತಾಯಿಯರೇ, ತಮ್ಮಲ್ಲಿ ನನ್ನದೊಂದು ಮನವಿ. ಈ ಸಲ ಇಡೀ ಜೀವನಚರಿತ್ರೆ ಬೇಡ. ಬಾಲ್ಯದ ಒಂದು ತುಣುಕು ಸಾಕು.

ವಿಶ್ವೇಶ್ವರಯ್ಯನವರ ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಮಗ ಇನ್ನೂ ಹುಡುಗನಾಗಿದ್ದಾಗಲೇ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಕಲಿತ ಹುಡುಗ ಮುಂದಿನ ಓದಿಗೆ ಬೆಂಗಳೂರು ಸೇರಿದ. ಸೆಂಟ್ರಲ್ ಕಾಲೇಜಿನ ಖರ್ಚು ತೂಗಿಸಲು ಒಂದು ಮನೆಯ ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದ. ಉಳಿದುಕೊಳ್ಳುವುದು ಅಲ್ಲಿ, ಊಟಕ್ಕೆ ನಡೆದು ಹೋಗುವುದು ಸೋದರಮಾವನ ಮನೆಗೆ. ಹೀಗೇ ಓದಿ 1881ರಲ್ಲಿ ಬಿ.ಎ. ಮುಗಿಸಿದ.

ಇಷ್ಟನ್ನು ಹೇಳಿ ಸುಮ್ಮನಿದ್ದುಬಿಡಿ. ಪ್ರಶ್ನೆಗಳು ತಾವಾಗಿ ಬರುತ್ತವೆ. ಮಳೆ ಬಂದ ದಿನ ಊಟಕ್ಕೆ ಏನು ಮಾಡುತ್ತಿದ್ದ? ಪಾಠ ಹೇಳಿಸಿಕೊಳ್ಳುವ ಮಕ್ಕಳು ತರಲೆ ಮಾಡಿದರೆ ಬೈಯುವ ಧೈರ್ಯ ಇತ್ತೇ? ಊರಲ್ಲಿದ್ದ ಅಮ್ಮನ ನೆನಪಾಗುತ್ತಿರಲಿಲ್ಲವೇ? ಉತ್ತರ ಯಾವ ಪುಸ್ತಕದಲ್ಲೂ ಸಿಗದಿರಬಹುದು. ಆಗ ಮಗುವಿಗೆ ಒಂದು ಕೆಲಸ ಕಲಿಸಿಕೊಡಿ. ಗೊತ್ತಿರುವುದನ್ನು ಗೊತ್ತಿದೆ ಎಂದೇ ಬರೆಯಲಿ. ಊಹಿಸಿದ್ದರ ಮುಂದೆ ‘ಇರಬಹುದು’ ಸೇರಿಸಲಿ. ಕೇಳಿದ ಕಥೆಯಾದರೆ ‘ಎಂದು ಹೇಳುತ್ತಾರೆ’ ಎನ್ನಲಿ. ಬೀದಿದೀಪಕ್ಕೂ ಆಗ ಪ್ರಬಂಧದಲ್ಲಿ ಜಾಗವಿದೆ. ಹುಟ್ಟಿದ ವರ್ಷ ಕೆಲವು ಪುಸ್ತಕಗಳಲ್ಲಿ 1860 ಎಂದಿದೆ, ಕೆಲವುಗಳಲ್ಲಿ 1861. ಎರಡನ್ನೂ ತೋರಿಸಿ. ಮಕ್ಕಳು ಗಲಿಬಿಲಿಗೊಳ್ಳುವುದಿಲ್ಲ, ಪತ್ತೇದಾರರಾಗುತ್ತಾರೆ.

ಮನೆಯಲ್ಲಿರುವವರು ಮೊಬೈಲಿನಲ್ಲಿ ಹುಡುಕಿ ಬರೆಸುವ ಮುನ್ನ ಒಂದು ಸಂಜೆ ತಡೆಯಿರಿ. ಅಜ್ಜ ಅಜ್ಜಿ ಇದ್ದರೆ, ಅವರು ಶಾಲೆಗೆ ಹೇಗೆ ಹೋಗುತ್ತಿದ್ದರು ಎಂದು ಮಗುವೇ ಕೇಳಲಿ. ಹಳೆಯ ಕಾಲದ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಲು ಅದು ಬೇಕಾಗುತ್ತದೆ. ಅನುಕೂಲವಿದ್ದವರು ನಂದಿಬೆಟ್ಟಕ್ಕೆ ಹೋದಾಗ ಪಕ್ಕದ ಮುದ್ದೇನಹಳ್ಳಿಗೂ ಹೋಗಿ ಬನ್ನಿ. ವಿಶ್ವೇಶ್ವರಯ್ಯನವರು ಹುಟ್ಟಿದ ಮನೆ ಅಲ್ಲಿದೆ. ಬಾಗಿಲು ಎಷ್ಟು ಎತ್ತರ, ಜಗಲಿ ಎಷ್ಟು ಅಗಲ ಎಂದು ಮಗು ಗುರುತು ಹಾಕಿಕೊಳ್ಳಲಿ.

ಮಗು ಬರೆದು ತಂದ ಮೇಲೆ, ಒತ್ತಕ್ಷರ ತಪ್ಪಿದ್ದರೆ ತಿದ್ದೋಣ, ಆದರೆ ಎರಡನೇ ಓದಿನಲ್ಲಿ. ಮೊದಲ ಓದು ಮಗು ಹೇಳಹೊರಟಿದ್ದಕ್ಕೆ ಮೀಸಲಿರಲಿ. ಪೀಠಿಕೆ, ಉಪಸಂಹಾರ ಇಲ್ಲದಿದ್ದರೂ ಮುನಿಯಬೇಡಿ. ಪ್ರಬಂಧ ಸ್ಪರ್ಧೆಗೆ ತೀರ್ಪುಗಾರರಾಗಿ ಬರುವವರಲ್ಲೂ ಒಂದು ಕೋರಿಕೆ: ದುಂಡಾದ ಅಕ್ಷರಕ್ಕೆ ಕೊಡುವ ಅಂಕಗಳಲ್ಲಿ ಒಂದೆರಡನ್ನು ತೆಗೆದು, ಬೇರೆ ಯಾವ ಹಾಳೆಯಲ್ಲೂ ಇಲ್ಲದ ಒಂದು ಸಾಲು ಬರೆದ ಮಗುವಿಗೆ ಕೊಡಿ.